ತೋಟದಲ್ಲಿ ಕೂಗಿದ್ದು ಯಾರು? ಎಐ ನೆರವಿನಿಂದ ಹಕ್ಕಿಯ ದನಿ ಗುರುತಿಸುವ ಕ್ರಮ

ವಾಟ್ಸ್‌ಆ್ಯಪ್‌ನಲ್ಲಿ ಹನ್ನೆರಡು ಸೆಕೆಂಡಿನ ಒಂದು ಧ್ವನಿ ತುಣುಕು ಬರುತ್ತದೆ. ಅದರಲ್ಲಿ ಮಿಕ್ಸಿ ತಿರುಗುತ್ತಿರುತ್ತದೆ, ನಾಯಿ ಬೊಗಳುತ್ತಿರುತ್ತದೆ, ಯಾರೋ ಯಾರನ್ನೋ ಕಾಫಿಗೆ ಕರೆಯುತ್ತಿರುತ್ತಾರೆ. ಇವೆಲ್ಲದರ ಹಿಂದೆ, ತೋಟದ ಆಚೆ ಬದಿಯಲ್ಲಿ, ಒಂದು ಹಕ್ಕಿ. ಕೆಳಗೆ ಪ್ರಶ್ನೆ: 'ಆ್ಯಪ್ ಇದನ್ನು ಗೂಬೆ ಎನ್ನುತ್ತಿದೆ, ಹೌದಾ?' ಇಂಥವು ನಿಲ್ಲದೆ ಬರುತ್ತಿರುವುದರಿಂದ ಒಮ್ಮೆ ಎಲ್ಲವನ್ನೂ ಸಾಲಾಗಿ ಬರೆದಿಟ್ಟುಬಿಡೋಣ ಎಂದುಕೊಂಡೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಕೃತಕ ಬುದ್ಧಿಮತ್ತೆ ಪ್ರಾಣಿಗಳ ಮಾತನ್ನು ನಮಗೆ ತಿಳಿಯುವಂತೆ ಅನುವಾದಿಸುತ್ತದೆಯೇ ಎಂದು ಕೇಳುವವರಿದ್ದಾರೆ. ಒಬ್ಬರಿಗೆ ಕೊಟ್ಟಿಗೆಯ ಎಮ್ಮೆ ಏನು ಹೇಳುತ್ತಿದೆ ಎಂದು ತಿಳಿಯಬೇಕಿತ್ತು. ಇಲ್ಲ, ಅದು ಆಗದು. ತಿಮಿಂಗಿಲ, ಡಾಲ್ಫಿನ್‌ಗಳ ಮೇಲೆ ಅಂಥ ಸಂಶೋಧನೆಗಳು ನಡೆಯುತ್ತಿವೆ, ಆದರೆ ನಮ್ಮ ಕೈಗೆ ಸಿಗುವ ಸಾಧನಗಳು ಮಾಡುವ ಕೆಲಸ ಒಂದೇ: ಈ ದನಿ ಯಾವ ಜೀವಿಯದ್ದಿರಬಹುದು ಎಂದು ಊಹಿಸುವುದು. ಊಹೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಆ ಊಹೆಯನ್ನು ಪರೀಕ್ಷಿಸುವ ಕೆಲಸ ನಿಮ್ಮದು, ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಹೋಗಲಿದೆ.

ಯಂತ್ರಕ್ಕೆ ಕಿವಿಯಿಲ್ಲ, ಅದು ನೋಡುತ್ತದೆ

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸಲೀಸು. ರೆಕಾರ್ಡ್ ಆದ ದನಿಯನ್ನು ತಂತ್ರಾಂಶ ಮೊದಲು ಒಂದು ಚಿತ್ರವನ್ನಾಗಿ ಮಾಡಿಕೊಳ್ಳುತ್ತದೆ. ಇದಕ್ಕೆ ಸ್ಪೆಕ್ಟ್ರೋಗ್ರಾಂ ಎನ್ನುತ್ತಾರೆ, ದನಿಚಿತ್ರ ಎಂದುಕೊಳ್ಳಿ. ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಆವರ್ತನ, ಅಂದರೆ ದನಿಯ ಏರು: ದಪ್ಪ ದನಿ ಕೆಳಗೆ, ಕೀರಲು ದನಿ ಮೇಲೆ. ಜೋರಾದ ದನಿ ಗಾಢವಾಗಿ, ಮೆಲುದನಿ ತೆಳುವಾಗಿ ಕಾಣುತ್ತದೆ. ಗಂಡು ಕೋಗಿಲೆಯ 'ಕುಹೂ' ಅಲ್ಲಿ ಮೇಲಕ್ಕೆ ಏರುವ ಕೊಕ್ಕೆಯಂತೆ ಕಾಣುತ್ತದೆ. ಕಂಚುಕುಟಿಗನ 'ಟುಕ್ ಟುಕ್ ಟುಕ್' ಸಮಾನ ಅಂತರದಲ್ಲಿ ಇಟ್ಟ ರಂಗೋಲಿ ಚುಕ್ಕೆಗಳ ಹಾಗೆ. ಜೀರುಂಡೆ ಶುರುವಾಯಿತೆಂದರೆ ಚಿತ್ರದ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ದಪ್ಪ ಪಟ್ಟಿ ಎಳೆದಂತೆ ಇರುತ್ತದೆ, ಅದರ ಹಿಂದೆ ಏನಿದ್ದರೂ ಕಾಣದು.

ಪರಿಣತರು ಕೇಳಿ ಹೆಸರು ಬರೆದಿಟ್ಟ ಸಾವಿರಾರು ರೆಕಾರ್ಡಿಂಗ್‌ಗಳ ಇಂಥ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ ಕಲಿಸಿರುತ್ತಾರೆ. ಹೊಸ ಚಿತ್ರ ಕಂಡಾಗ ಅದು ಹಳೆಯ ಯಾವುದಕ್ಕೆ ಹೋಲುತ್ತದೆ ಎಂದು ಹೇಳುತ್ತದೆ. ಹೀಗೆ ಕಲಿತ ತಂತ್ರಾಂಶವನ್ನು ಮಾದರಿ ಅಥವಾ ಮಾಡೆಲ್ ಎಂದು ಕರೆಯುತ್ತಾರೆ. ಎರಡು ಬೇರೆ ದನಿಗಳು ಚಿತ್ರದಲ್ಲಿ ಒಂದೇ ರೀತಿ ಕಂಡರೆ ಅದು ಎಡವುತ್ತದೆ. ಕಲಿಸುವಾಗ ತೋರಿಸದ ದನಿ ಎದುರಾದರೆ 'ಗೊತ್ತಿಲ್ಲ' ಎನ್ನುವ ಬದಲು ಗೊತ್ತಿರುವುದರಲ್ಲೇ ಹತ್ತಿರದ ಒಂದು ಹೆಸರು ಹೇಳಿಬಿಡುವ ಚಾಳಿಯೂ ಅದಕ್ಕಿದೆ. ದಾರಿ ಕೇಳಿದರೆ ತಿಳಿಯದಿದ್ದರೂ ಕೈ ತೋರಿಸುವವರು ಪ್ರತಿ ಊರಿನಲ್ಲೂ ಇರುತ್ತಾರಲ್ಲ, ಹಾಗೆ.

ಏನೇನು ಬೇಕು

ಸುಮ್ಮನೆ ಹಕ್ಕಿಯ ಹೆಸರು ತಿಳಿಯಬೇಕು ಎನ್ನುವವರಿಗೆ ಒಂದು ಸ್ಮಾರ್ಟ್‌ಫೋನ್ ಮತ್ತು ಮರ್ಲಿನ್ ಎಂಬ ಆ್ಯಪ್ ಸಾಕು. ತೋಟದಲ್ಲಿ ವರ್ಷವಿಡೀ ಯಾವ ಯಾವ ಹಕ್ಕಿ ಕೂಗುತ್ತದೆ ಎಂಬ ದಾಖಲೆ ಮಾಡಬೇಕೆಂದರೆ ಒಂದು ಸ್ವಯಂಚಾಲಿತ ರೆಕಾರ್ಡರ್, ಸಾಧಾರಣ ಲ್ಯಾಪ್‌ಟಾಪ್, ಆಡಾಸಿಟಿ (ದನಿಯ ಫೈಲು ತೆರೆದು ನೋಡಲು) ಮತ್ತು ಬರ್ಡ್‌ನೆಟ್ ಅನಲೈಸರ್ (ಹಕ್ಕಿ ಗುರುತಿಸಲು) ಎಂಬ ಎರಡು ಉಚಿತ ತಂತ್ರಾಂಶಗಳು, ಒಂದು ಇಯರ್‌ಫೋನ್. ವೈರ್ ಇರುವ ಇಯರ್‌ಫೋನ್ ಆದರೆ ಒಳ್ಳೆಯದು. ಇವೆಲ್ಲದರ ಜೊತೆಗೆ ಒಂದು ನೋಟ್‌ಬುಕ್ ಇರಲಿ. ನಗಬೇಡಿ, ಕೊನೆಗೆ ಕೈಹಿಡಿಯುವುದು ಅದೇ.

ಚಾಟ್‌ಬಾಟ್‌ಗಳನ್ನು ಪಟ್ಟಿಯಲ್ಲಿ ಸೇರಿಸಿಲ್ಲ. 'ಕ್ರೀಂ ಕ್ರೀಂ ಎಂದು ಕೂಗುತ್ತದೆ, ಯಾವ ಹಕ್ಕಿ?' ಎಂದು ಅವುಗಳಿಗೆ ಬರೆದು ಕೇಳಿದರೆ ಸೊಗಸಾದ ಉತ್ತರ ಬರುತ್ತದೆ. ಸೊಗಸಾಗಿದೆ ಎಂಬುದೇ ಅಪಾಯ.

ಹಂತ 1: ಮೊಬೈಲಿನಿಂದ ಆರಂಭಿಸಿ

ಮರ್ಲಿನ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯ ರೂಪಿಸಿದ ಉಚಿತ ಆ್ಯಪ್. ದನಿ ಕೇಳಿ ಹೆಸರು ಹೇಳುವ ಸೌಲಭ್ಯ ಅದಕ್ಕೆ 2021ರಲ್ಲಿ ಸೇರಿತು. ಮೊದಲು ಉತ್ತರ ಅಮೆರಿಕದ ಹಕ್ಕಿಗಳಿಗೆ ಮಾತ್ರ ಇದ್ದದ್ದು ಆಮೇಲೆ ನಮ್ಮ ಹಕ್ಕಿಗಳಿಗೂ ಬಂತು. ಆ್ಯಪ್ ಹಾಕಿಕೊಂಡ ಮೇಲೆ ನಿಮ್ಮ ಪ್ರದೇಶದ ಹಕ್ಕಿಗಳ ಪ್ಯಾಕನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇದನ್ನು ಪೇಟೆಯಲ್ಲೋ ವೈ-ಫೈ ಇರುವ ಮನೆಯಲ್ಲೋ ಮುಗಿಸಿಕೊಳ್ಳಿ. ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಬೆಟ್ಟದಲ್ಲೂ ಆ್ಯಪ್ ಕೆಲಸ ಮಾಡುತ್ತದೆ. ಫೋನಿನ ಲೊಕೇಶನ್ ಆನ್ ಆಗಿರಲಿ. ನೀವು ಎಲ್ಲಿದ್ದೀರಿ, ಇದು ಯಾವ ತಿಂಗಳು ಎಂಬುದನ್ನು ನೋಡಿಕೊಂಡೇ ಅದು ಅಸಂಭವವಾದ ಹಕ್ಕಿಗಳನ್ನು ಪಕ್ಕಕ್ಕಿಡುತ್ತದೆ.

ದನಿ ಗುರುತಿಸುವ ಗುಂಡಿ ಒತ್ತಿದರೆ ದನಿಚಿತ್ರ ಹರಿಯತೊಡಗುತ್ತದೆ, ಕೆಳಗೆ ಒಂದೊಂದೇ ಹೆಸರು ಕಾಣಿಸಿಕೊಳ್ಳುತ್ತದೆ. ಅದೇ ಹಕ್ಕಿ ಮತ್ತೆ ಕೂಗಿದಾಗ ಅದರ ಹೆಸರು ಮಿನುಗುತ್ತದೆ. ಹೆಸರಿನ ಮೇಲೆ ಒತ್ತಿದರೆ ಆ ಹಕ್ಕಿಯ ಮಾದರಿ ದನಿಗಳು ಸಿಗುತ್ತವೆ. ನಿಮ್ಮದರೊಡನೆ ಹೋಲಿಸಿ ನೋಡಬಹುದು. ಬಹುಪಾಲು ಮಂದಿ ಇದನ್ನು ಮಾಡುವುದೇ ಇಲ್ಲ. ಹೆಸರು ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿಬಿಡುತ್ತಾರೆ.

ಮೊದಲ ಹದಿನೈದು ದಿನ ನಿಮಗೆ ಚೆನ್ನಾಗಿ ಗೊತ್ತಿರುವ ಹಕ್ಕಿಗಳನ್ನೇ ಅದಕ್ಕೆ ಕೇಳಿಸಿ. ಕಾಗೆ, ಮಡಿವಾಳ, ಪಿಕಳಾರ, ಕೆಂಬೂತ, ಟಿಟ್ಟಿಭ. ಎಲ್ಲಿ ಸರಿ ಹೇಳುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ಅಂದಾಜು ನಿಮಗೇ ಸಿಗುತ್ತದೆ. ಹೊಸ ಆಳು ಕೆಲಸಕ್ಕೆ ಬಂದರೆ ಮೊದಲ ದಿನವೇ ಅಡಿಕೆ ಕೊನೆ ಕೊಯ್ಯಲು ಮರ ಹತ್ತಿಸುತ್ತೀರಾ?

ಹಂತ 2: ರೆಕಾರ್ಡಿಂಗ್ ಶುದ್ಧವಾಗಿರಲಿ

ಕೆಟ್ಟ ರೆಕಾರ್ಡಿಂಗಿಗೆ ಯಾವ ಬುದ್ಧಿಮತ್ತೆಯಲ್ಲೂ ಮದ್ದಿಲ್ಲ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ತಳಭಾಗದಲ್ಲಿರುತ್ತದೆ. ಆ ಬದಿಯನ್ನು ಹಕ್ಕಿಯ ಕಡೆಗೆ ತಿರುಗಿಸಿ, ಬೆರಳು ಅಡ್ಡ ಬಾರದಿರಲಿ. ದಪ್ಪ ಕವರ್ ಇದ್ದರೆ ತೆಗೆಯಿರಿ. ಹಕ್ಕಿ ಹೆದರದಷ್ಟು ಹತ್ತಿರ ಹೋಗಿ, ನಿಂತಲ್ಲೇ ನಿಲ್ಲಿ. ಒಣಗಿದ ಸೋಗೆಯ ಮೇಲೆ ಒಂದು ಹೆಜ್ಜೆ ಇಟ್ಟರೂ ದನಿಚಿತ್ರದಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದು ಗಾಢ ಗೋಡೆ ಏಳುತ್ತದೆ. ಕಡೆಯಲ್ಲಿ ಮೆಲ್ಲಗೆ ನಿಮ್ಮ ದನಿಯಲ್ಲೇ ಊರು, ದಿನ, ಸಮಯ, ಹಕ್ಕಿ ಕಣ್ಣಿಗೆ ಬಿತ್ತೋ ಇಲ್ಲವೋ ಎಂಬುದನ್ನು ಹೇಳಿ ನಿಲ್ಲಿಸಿ. ಆರು ತಿಂಗಳ ನಂತರ ಫೈಲ್ ತೆರೆದಾಗ ಈ ನಾಲ್ಕು ಮಾತಿನ ಬೆಲೆ ಗೊತ್ತಾಗುತ್ತದೆ.

ಫೈಲ್ ವೇವ್ ಮಾದರಿಯಲ್ಲಿರಲಿ. ಎಂಪಿ3ಯಂಥವು ಜಾಗ ಉಳಿಸಲು ದನಿಯ ಸೂಕ್ಷ್ಮ ಭಾಗಗಳನ್ನು ಕತ್ತರಿಸಿ ಬಿಸಾಡುತ್ತವೆ. ವೇವ್ ಏನನ್ನೂ ಬಿಡುವುದಿಲ್ಲ. ರೆಕಾರ್ಡರ್ ಆ್ಯಪ್‌ನಲ್ಲಿ 'ಗದ್ದಲ ಕಡಿಮೆ ಮಾಡು' ಎಂಬ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಮನುಷ್ಯರ ಮಾತಿಗಾಗಿ ಮಾಡಿದ್ದು. ಅದರ ಲೆಕ್ಕದಲ್ಲಿ ಹಕ್ಕಿಯೇ ಗದ್ದಲ. ಬ್ಲೂಟೂತ್ ಇಯರ್‌ಫೋನಿನ ಮೈಕ್ ಬಳಸಬೇಡಿ, ಅದು ಏರುದನಿಗಳನ್ನು ನುಂಗಿಬಿಡುತ್ತದೆ.

ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶದ ಕಥೆಯೂ ಅದೇ. ಅದು ದನಿಯನ್ನು ಹಿಂಡಿ ಹಿಪ್ಪೆ ಮಾಡಿ ಕಳುಹಿಸುತ್ತದೆ. ಯಾರಿಗಾದರೂ ಕಳುಹಿಸಬೇಕೆಂದರೆ ಫೈಲನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿ.

ಹಂತ 3: ನೀವಿಲ್ಲದಾಗಲೂ ಕೇಳುವ ಪೆಟ್ಟಿಗೆ

ಇಲ್ಲಿಂದ ಮುಂದಿನದು ದಾಖಲೆಯ ಹುಚ್ಚು ಹಿಡಿದವರಿಗೆ. ಉಳಿದವರು ನೇರ ಐದನೆಯ ಹಂತದಲ್ಲಿ ಮೋಸ ಮಾಡುವ ದನಿಗಳ ಭಾಗಕ್ಕೆ ಹೋಗಬಹುದು.

ಆಡಿಯೋಮಾತ್ ಎಂಬುದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ರೆಕಾರ್ಡರ್. ಎಎ ಗಾತ್ರದ ಮೂರು ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ ಮರಕ್ಕೆ ಕಟ್ಟಿದರೆ ನೀವು ಹೇಳಿದ ಹೊತ್ತಿಗೆ ತಾನೇ ಎದ್ದು ರೆಕಾರ್ಡ್ ಮಾಡಿ ಮಲಗುತ್ತದೆ. ಕಂಪ್ಯೂಟರಿಗೆ ಜೋಡಿಸಿ ಅದಕ್ಕೆ ಸೂಚನೆ ಕೊಡಬೇಕು. ಮುಖ್ಯವಾದದ್ದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಎಂಬ ಸಂಖ್ಯೆ. ಅದರ ಅರ್ಧದಷ್ಟು ಏರಿನ ದನಿಯವರೆಗೆ ಮಾತ್ರ ಹಿಡಿಯಲು ಸಾಧ್ಯ. 48 ಕಿಲೊಹರ್ಟ್ಜ್ (ಸೆಕೆಂಡಿಗೆ 48 ಸಾವಿರ ಸಲ) ಇಟ್ಟರೆ 24 ಕಿಲೊಹರ್ಟ್ಜ್‌ವರೆಗಿನದು ಸಿಗುತ್ತದೆ, ಹಕ್ಕಿಗಳಿಗೆ ಧಾರಾಳ ಸಾಕು.

ಜಾಗದ ಲೆಕ್ಕ ಮಾಡೋಣ. 48 ಕಿಲೊಹರ್ಟ್ಜ್‌ನ ಒಂದು ನಿಮಿಷ ಸುಮಾರು 5.76 ಎಂಬಿ. ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ರೆಕಾರ್ಡ್ ಮಾಡಿದರೆ ದಿನಕ್ಕೆ 144 ನಿಮಿಷ, ಸುಮಾರು 830 ಎಂಬಿ. 32 ಜಿಬಿ ಕಾರ್ಡ್ ಒಂದು ತಿಂಗಳು ದಾಟಿ ಬರುತ್ತದೆ. ಇಡೀ ದಿನ ಎಡೆಬಿಡದೆ ಮಾಡುವುದು ಬೇಡ. ಕೇಳುವವರು ನೀವೇ ಎಂಬುದನ್ನು ಮರೆಯಬೇಡಿ.

ಈ ಪೆಟ್ಟಿಗೆಯಲ್ಲಿ ಎಲ್ಲರೂ ಬೀಳುವ ಹಳ್ಳಗಳು ಇವು:

ಗಡಿಯಾರ. ಆಡಿಯೋಮಾತ್ ಸಮಯವನ್ನು ವಾಡಿಕೆಯಾಗಿ ಜಾಗತಿಕ ಸಮಯದಲ್ಲಿ ಲೆಕ್ಕ ಹಾಕುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಆರು ಗಂಟೆಯ ಹಾಡು ಬೇಕೆಂದು ಆರು ಎಂದೇ ತುಂಬಿದರೆ ಅದು ಹನ್ನೊಂದೂವರೆಗೆ ಏಳುತ್ತದೆ. ಆಗ ಸಿಗುವುದು ಪಂಪ್‌ಸೆಟ್ಟಿನ ಸದ್ದು. ಒಂದೋ ಸ್ಥಳೀಯ ಸಮಯದ ಆಯ್ಕೆಯನ್ನು ಆರಿಸಿ, ಇಲ್ಲವೇ 00:30 ಎಂದು ತುಂಬಿ. ಫೈಲಿನ ಹೆಸರಿನಲ್ಲೇ ದಿನಾಂಕ, ಸಮಯ ಇರುತ್ತದೆ. ಅದು ಯಾವ ಗಡಿಯಾರದ್ದು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಸೆಲ್ ಬದಲಿಸಿದರೆ ಗಡಿಯಾರವನ್ನು ಮತ್ತೆ ಹೊಂದಿಸಬೇಕು.

ಸ್ವಿಚ್. ಮೂರು ಸ್ಥಾನಗಳಿವೆ. ನೀವು ಕೊಟ್ಟ ವೇಳಾಪಟ್ಟಿ ನಡೆಯಬೇಕಾದರೆ ಅದು 'ಕಸ್ಟಮ್' ಎಂಬಲ್ಲಿರಬೇಕು. ಒಂದು ಸಲ ನಾನು ಮರಕ್ಕೆ ಕಟ್ಟಿ, ಎಲೆ ಮರೆ ಮಾಡಿ, ಮೂರು ವಾರ ಬಿಟ್ಟು ಹೋಗಿ ಇಳಿಸಿದೆ. ಸ್ವಿಚ್ ಆಫ್‌ನಲ್ಲೇ ಇತ್ತು. ಕಾರ್ಡ್ ಖಾಲಿ, ಡಬ್ಬಿಯ ತುಂಬ ಇರುವೆ.

ನೀರು. ಮಲೆನಾಡಿನ ಮಳೆಗೆ ಒಳ್ಳೆಯ ಡಬ್ಬಿ ಬೇಕೇ ಬೇಕು. ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ಜೂನ್, ಜುಲೈನಲ್ಲಿ ಮರದ ಹನಿ ಡಬ್ಬಿಯ ಮೇಲೆ ಬೀಳುವ ಸದ್ದೇ ಇಡೀ ರೆಕಾರ್ಡಿಂಗ್ ತುಂಬಿರುತ್ತದೆ. ಆ ಎರಡು ತಿಂಗಳ ಆಸೆ ಬಿಡುವುದು ವಾಸಿ.

ಅನುಮತಿ. ನಿಮ್ಮ ತೋಟದಲ್ಲಿ ನಿಮಗೆ ಅಡ್ಡಿಯಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಯಾವ ಉಪಕರಣವನ್ನೂ ಕಟ್ಟಬೇಡಿ. ದಾರಿಯ ಪಕ್ಕ, ಬಾವಿಕಟ್ಟೆಯ ಪಕ್ಕ ಕಟ್ಟಿದರೆ ಜನರ ಮಾತು ದಾಖಲಾಗುತ್ತದೆ. ತೋಟದಲ್ಲಿ ಕೆಲಸ ಮಾಡುವವರಿಗೂ ಪಕ್ಕದ ತೋಟದವರಿಗೂ ಮೊದಲೇ ಹೇಳಿ. ಮಾತು ಸಿಕ್ಕ ಫೈಲುಗಳನ್ನು ಅಳಿಸಿಬಿಡಿ.

ಹಂತ 4: ಬರ್ಡ್‌ನೆಟ್‌ಗೆ ಒಪ್ಪಿಸುವುದು

ಕಾರ್ನೆಲ್ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಕಟ್ಟಿದ್ದು ಬರ್ಡ್‌ನೆಟ್. ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳ ದನಿ ಅದಕ್ಕೆ ಗೊತ್ತು. ಅನಲೈಸರ್ ಎಂಬ ಅದರ ಕಂಪ್ಯೂಟರ್ ಆವೃತ್ತಿ ಸಾವಿರಾರು ಫೈಲುಗಳನ್ನು ಒಂದೇ ಸಲಕ್ಕೆ ಅರೆಯುತ್ತದೆ, ಕಮಾಂಡ್ ಟೈಪ್ ಮಾಡಲು ಬಾರದವರಿಗೂ ಗುಂಡಿ ಒತ್ತಿ ನಡೆಸುವ ರೂಪ ಇದೆ. ವಾಣಿಜ್ಯೇತರ ಬಳಕೆಗೆ ಉಚಿತ. ಹೋಮ್‌ಸ್ಟೇ, ರೆಸಾರ್ಟಿನವರು ವ್ಯಾಪಾರಕ್ಕೆ ಬಳಸುವ ಮುನ್ನ ಪರವಾನಗಿ ಓದಿಕೊಳ್ಳಬೇಕು.

ಅದು ದನಿಯನ್ನು ಮೂರು ಮೂರು ಸೆಕೆಂಡಿನ ಹೋಳುಗಳಾಗಿ ಕತ್ತರಿಸಿ ಒಂದೊಂದು ಹೋಳಿಗೂ ಹೆಸರು ಮತ್ತು 0ಯಿಂದ 1ರ ನಡುವಿನ ಒಂದು ಅಂಕ ಕೊಡುತ್ತದೆ. ನೀವು ತುಂಬಬೇಕಾದ್ದು ಹೀಗೆ:

ಮೊದಲು ಫೋಲ್ಡರ್ ಆರಿಸಿ. ನಂತರ ಅಕ್ಷಾಂಶ, ರೇಖಾಂಶ. ಶಿರಸಿಯಾದರೆ 14.62 ಮತ್ತು 74.84. ಇವೆರಡನ್ನು ಅದಲುಬದಲು ಮಾಡಿದವರನ್ನು ಕಂಡಿದ್ದೇನೆ. 74.84 ಅಕ್ಷಾಂಶ, 14.62 ರೇಖಾಂಶ ಎಂದರೆ ನಾರ್ವೆಗೂ ಆಚೆ, ಉತ್ತರದ ಕೊರೆಯುವ ಕಡಲಿನ ನಡುಮಧ್ಯ. ಅಡಿಕೆ ತೋಟದಲ್ಲಿ ಕಡಲಹಕ್ಕಿಗಳ ಪಟ್ಟಿ ಬಂದರೆ ಮೊದಲು ಇದನ್ನು ನೋಡಿ.

ಬಳಿಕ ವಾರ. ಇಲ್ಲೊಂದು ಸೂಕ್ಷ್ಮ ಇದೆ: ಬರ್ಡ್‌ನೆಟ್‌ನ ವರ್ಷಕ್ಕೆ 48 ವಾರ, ತಿಂಗಳಿಗೆ ಸರಿಯಾಗಿ ನಾಲ್ಕು. ಏಪ್ರಿಲ್ ಮೊದಲ ವಾರ ಎಂದರೆ 13. ಗೋಡೆಯ ಕ್ಯಾಲೆಂಡರಿನ 52 ವಾರದ ಲೆಕ್ಕ ಹಾಕಬೇಡಿ. ಚಳಿಗಾಲದ ವಲಸೆ ಹಕ್ಕಿಗಳು ಬಂದು ಹೋಗುವ ಹೊತ್ತಿನಲ್ಲಿ ಈ ತಪ್ಪು ಹೆಚ್ಚು ಕಾಡುತ್ತದೆ.

ಹೋಳುಗಳ ನಡುವೆ ಒಂದೂವರೆ ಸೆಕೆಂಡ್ ಮೇಲ್ಹೊದಿಕೆ ಇಡಿ, ಅಂದರೆ ಒಂದು ಹೋಳು ಮುಗಿಯುವ ಮೊದಲೇ ಮುಂದಿನದು ಶುರುವಾಗಲಿ. ಇಲ್ಲವಾದರೆ ಕೂಗಿನ ತಲೆ ಒಂದರಲ್ಲಿ, ಬಾಲ ಇನ್ನೊಂದರಲ್ಲಿ ಆಗಿ ಎರಡೂ ಗುರುತಾಗುವುದಿಲ್ಲ. ಕನಿಷ್ಠ ಅಂಕವನ್ನು ಮೊದಲ ಸುತ್ತಿಗೆ 0.25ಕ್ಕೆ ಬಿಡಿ. ಫಲಿತಾಂಶವನ್ನು ಸಿಎಸ್‌ವಿ, ಅಂದರೆ ಎಕ್ಸೆಲ್‌ನಲ್ಲಿ ತೆರೆಯುವ ಕೋಷ್ಟಕವಾಗಿ ಪಡೆಯಿರಿ. ಆರಂಭಿಸಿ, ಊಟಕ್ಕೆ ಹೋಗಿ.

ಗಾಳಿಯ ಸದ್ದು ತೆಗೆಯಲೆಂದು ಮೊದಲೇ ಕೆಳದನಿಗಳನ್ನೆಲ್ಲ ಸೋಸಿ ಹಾಕುವ ಉತ್ಸಾಹ ಕೆಲವರಿಗೆ. ಕೆಂಬೂತದ 'ಊಪ್ ಊಪ್' ಇರುವುದೇ ಆ ತಳದಲ್ಲಿ. ಗಾಳಿಯ ಜೊತೆ ಕೆಂಬೂತವೂ ಸೋಸಿಹೋಗುತ್ತದೆ. ಮೂಲ ಫೈಲಿಗೆ ಕೈ ಹಚ್ಚಬೇಡಿ.

ಹಂತ 5: ನಂಬಬೇಡಿ, ಕೇಳಿ ನೋಡಿ

ಊಟ ಮಾಡಿ ಬರುವಷ್ಟರಲ್ಲಿ ನೂರಾರು ಸಾಲಿನ ಕೋಷ್ಟಕ ಸಿದ್ಧವಾಗಿರುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 'ನಮ್ಮ ತೋಟದಲ್ಲಿ 112 ಬಗೆಯ ಹಕ್ಕಿಗಳು' ಎಂದು ಘೋಷಿಸಿಬಿಡುತ್ತಾರೆ. ನಿಜವಾದ ಕೆಲಸ ಇನ್ನೂ ಶುರುವಾಗಿಲ್ಲ.

0.80 ಎಂಬ ಅಂಕ 'ಶೇಕಡಾ 80ರಷ್ಟು ಖಚಿತ' ಎಂದಲ್ಲ. ಅದು ಮಾದರಿ ತನ್ನ ಉತ್ತರದ ಬಗ್ಗೆ ತೋರುವ ಧೈರ್ಯ, ಅಷ್ಟೇ. ಒಂದು ಹಕ್ಕಿಯ ಮಟ್ಟಿಗೆ 0.40 ಬಂದರೂ ಬಹುತೇಕ ಸರಿಯಿರಬಹುದು, ಇನ್ನೊಂದಕ್ಕೆ 0.90 ಇದ್ದರೂ ತಪ್ಪಿರಬಹುದು. ಎಲ್ಲ ಹಕ್ಕಿಗಳಿಗೂ ಸಲ್ಲುವ ಒಂದೇ ಗಡಿಯಂಕ ಇಲ್ಲ. ನಿಮ್ಮ ತೋಟದಲ್ಲಿ, ನಿಮ್ಮ ರೆಕಾರ್ಡರಿನಲ್ಲಿ, ಒಂದೊಂದು ಹಕ್ಕಿಗೂ ಗಡಿಯನ್ನು ನೀವೇ ಕಂಡುಕೊಳ್ಳಬೇಕು.

ಕಂಡುಕೊಳ್ಳುವ ಬಗೆ ಹೀಗಿದೆ. ಕೋಷ್ಟಕದಲ್ಲಿ ಒಂದು ಹಕ್ಕಿಯನ್ನು ಆರಿಸಿ, ಕುಟ್ರು ಎಂದುಕೊಳ್ಳೋಣ. ಅದರ ಹೆಸರಿನಲ್ಲಿ 400 ಗುರುತುಗಳಿವೆ. ಅದರಲ್ಲಿ 50ನ್ನು ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ ಆರಿಸಿ. ಅತಿ ಹೆಚ್ಚು ಅಂಕದವನ್ನು ಮಾತ್ರ ಎತ್ತಿಕೊಂಡರೆ ಎಲ್ಲವೂ ಸರಿಯಾಗಿ ಕಂಡು ಮೋಸ ಹೋಗುತ್ತೀರಿ. ಅನಲೈಸರಿನ 'ಸೆಗ್ಮೆಂಟ್ಸ್' ವಿಭಾಗ ಆ ಮೂರು ಸೆಕೆಂಡಿನ ತುಣುಕುಗಳನ್ನು ಕತ್ತರಿಸಿ ಹಕ್ಕಿವಾರು ಫೋಲ್ಡರಿಗೆ ಹಾಕಿಕೊಡುತ್ತದೆ, 'ರಿವ್ಯೂ' ವಿಭಾಗದಲ್ಲಿ ಒಂದೊಂದನ್ನೇ ಕೇಳಿ ಸರಿ, ತಪ್ಪು ಎಂದು ಗುರುತು ಹಾಕಬಹುದು. ಉದಾಹರಣೆಗೆ 0.70ಕ್ಕಿಂತ ಮೇಲಿನ 20ರಲ್ಲಿ 19 ಸರಿ, ಅದಕ್ಕಿಂತ ಕೆಳಗಿನ 30ರಲ್ಲಿ 8 ಮಾತ್ರ ಸರಿ ಬಂತೆನ್ನಿ. ಹಾಗಾದರೆ ನಿಮ್ಮ ತೋಟದ ಕುಟ್ರುವಿಗೆ ಗಡಿ 0.70. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಒಂದೇ ದಿನದಲ್ಲಿ ಎಲ್ಲ ಹಕ್ಕಿಗಳನ್ನೂ ಮುಗಿಸಲು ಹೋಗಬೇಡಿ, ನಲವತ್ತನೆಯ ತುಣುಕಿನ ಹೊತ್ತಿಗೆ ಕಿವಿ ಮಂಕಾಗುತ್ತದೆ.

ಸಂಶಯದ ತುಣುಕನ್ನು ಮೂಲ ಫೈಲಿನಲ್ಲಿ, ಆಡಾಸಿಟಿಯಲ್ಲಿ ತೆರೆದು ಹಿಂದೆ ಮುಂದೆ ಹತ್ತು ಸೆಕೆಂಡ್ ಕೇಳಿ. ಟ್ರ್ಯಾಕಿನ ಹೆಸರಿನ ಮೇಲೆ ಒತ್ತಿದರೆ ಸ್ಪೆಕ್ಟ್ರೋಗ್ರಾಂ ಆಯ್ಕೆ ಸಿಗುತ್ತದೆ. ಮೇಲ್ಮಿತಿಯನ್ನು 10 ಕಿಲೊಹರ್ಟ್ಜ್‌ಗೆ ಇಳಿಸಿದರೆ ಚಿತ್ರ ದೊಡ್ಡದಾಗಿ ಕಾಣುತ್ತದೆ. ಒಂದು ಉದಾಹರಣೆ ತೋರಿಸುತ್ತೇನೆ. ನನ್ನ ಕೋಷ್ಟಕದಲ್ಲಿ ಒಮ್ಮೆ ಹಾಲಕ್ಕಿ ಎಂಬ ಸಣ್ಣ ಗೂಬೆ ಬಂದಿತ್ತು, ಅಂಕ 0.71, ಸಮಯ ಮಧ್ಯಾಹ್ನ ಎರಡೂ ಹತ್ತು. ಹಗಲಲ್ಲೂ ಒಮ್ಮೊಮ್ಮೆ ಕೂಗುವ ಹಕ್ಕಿಯೇ, ಹಾಗಾಗಿ ತಳ್ಳಿಹಾಕುವಂತಿರಲಿಲ್ಲ. ಆದರೆ ಚಿತ್ರದಲ್ಲಿ ಆ ಕೀರಲು ಗೆರೆಗಳು ಗಡಿಯಾರ ಇಟ್ಟು ಅಳೆದಂತೆ ಒಂದೇ ಅಂತರದಲ್ಲಿ ಬಂದು, ಕೊನೆಕೊನೆಗೆ ನಿಧಾನವಾಗಿ, ಆಮೇಲೆ ಧಡಕ್ಕನೆ ಒಂದು ಗೆರೆ ಎದ್ದು ನಿಂತಿತ್ತು. ಕಿವಿಗೊಟ್ಟು ಕೇಳಿದರೆ ಬಾವಿಯ ರಾಟೆ. ಕೊಡ ಮೇಲೆ ಬಂದು ಕಟ್ಟೆಗೆ ತಾಗಿದ್ದೇ ಆ ಕೊನೆಯ ಗೆರೆ. ರಾಟೆಗೆ ಎಣ್ಣೆ ಬಿಟ್ಟ ಮೇಲೆ ಹಾಲಕ್ಕಿಯ ಸಂಖ್ಯೆ ಸಾಕಷ್ಟು ಇಳಿಯಿತು.

ಮಲೆನಾಡು, ಕರಾವಳಿಗಳಲ್ಲಿ ಮತ್ತೆ ಮತ್ತೆ ಮೋಸ ಮಾಡುವ ಇನ್ನೂ ಕೆಲವು ದನಿಗಳಿವೆ.

ಭೀಮರಾಜ ಇವರಲ್ಲಿ ಮೊದಲಿಗ. ಉದ್ದನೆಯ ಬಾಲಗರಿಗಳ ಈ ಕಾಜಾಣ ಜಾತಿಯ ಹಕ್ಕಿ ಹದ್ದು ಗಿಡುಗಗಳಿಂದ ಹಿಡಿದು ಇತರ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ. ಐದು ನಿಮಿಷದಲ್ಲಿ ಒಂದೇ ಮರದಿಂದ ಆರು ಹಕ್ಕಿಗಳ ಹೆಸರು ಬಂದರೆ, ಅದರಲ್ಲೂ ನಡುನಡುವೆ ಗಂಟೆ ಬಾರಿಸಿದಂಥ ಲೋಹದ ದನಿ ಇದ್ದರೆ, ಆರೂ ಒಬ್ಬನೇ ಇರಬಹುದು. ಎಲೆಹಕ್ಕಿಯೂ ಇದೇ ಗುರುಕುಲದ್ದು. ಆ್ಯಪ್ ಇಲ್ಲಿ ತಪ್ಪು ಮಾಡಿತು ಎನ್ನಲಾಗದು. ಹಕ್ಕಿಯೇ ಸುಳ್ಳು ಹೇಳಿದರೆ ಅದೇನು ಮಾಡೀತು?

ಕುಟ್ರುಗಳಲ್ಲಿ ಬಿಳಿ ಕೆನ್ನೆಯದು ಮತ್ತು ಕಂದು ತಲೆಯದು ಒಂದನ್ನೊಂದು ಹೋಲುವಂತೆ ಕೂಗುತ್ತವೆ. ಘಟ್ಟದ ದಟ್ಟ ಹಸಿರಿನಲ್ಲಿ ಮೊದಲನೆಯದು, ಬಯಲುಸೀಮೆಯ ಕಡೆ ಎರಡನೆಯದು ಸಾಮಾನ್ಯ. ಗಡಿಪ್ರದೇಶಗಳಲ್ಲಿ ಕಣ್ಣಿಂದ ನೋಡದೆ ಬರೆಯಬೇಡಿ.

ಹೆಣ್ಣು ಕೋಗಿಲೆ 'ಕುಹೂ' ಎನ್ನುವುದೇ ಇಲ್ಲ. ಅದರದ್ದು 'ಕಿಕ್ ಕಿಕ್ ಕಿಕ್' ಎಂಬ ಗಡಿಬಿಡಿಯ ಕೂಗು. ಮಾದರಿಗೆ ಇದು ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ನಮಗೆ. ಆ್ಯಪ್ ಸರಿಯಾಗಿಯೇ ಕೋಗಿಲೆ ಎಂದಾಗ 'ಛೇ, ಕೋಗಿಲೆ ಹೀಗೆ ಕೂಗುತ್ತದೆಯೇ' ಎಂದು ತಳ್ಳಿಹಾಕುವವರು ಬಹಳ. ಅದರ ಎಲ್ಲ ಬಗೆಯ ಕೂಗುಗಳನ್ನು ಒಮ್ಮೆ ಕೇಳಿ ನೋಡಿದ ಮೇಲೆ ತೀರ್ಮಾನಿಸಿ. ಜೆನೋ-ಕ್ಯಾಂಟೋ ಎಂಬ ಜಾಲತಾಣದಲ್ಲಿ ಜಗತ್ತಿನಾದ್ಯಂತ ಜನ ಮಾಡಿದ ರೆಕಾರ್ಡಿಂಗ್‌ಗಳು 2005ರಿಂದ ಸೇರುತ್ತ ಬಂದಿವೆ; ನಮ್ಮ ಘಟ್ಟದವೂ ಇವೆ.

ಕೆಂದಳಿಲಿನ ಸಿಟ್ಟಿನ ಚಟಪಟ, ಬೈಕಿನ ಬ್ರೇಕು, ರಿಂಗ್‌ಟೋನಿನ ಕೋಗಿಲೆ. ಇವನ್ನು ವಿವರಿಸಬೇಕಿಲ್ಲ.

ಇನ್ನೆರಡು ಎಚ್ಚರಿಕೆ. ಒಂದು: ಕೋಷ್ಟಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ತೋಟದಲ್ಲಿ ಇಲ್ಲ ಎಂದಲ್ಲ. ಕೂಗದ ಹಕ್ಕಿ, ದೂರದಲ್ಲಿ ಕೂಗಿದ ಹಕ್ಕಿ, ಜೀರುಂಡೆಯ ಪಟ್ಟಿಯ ಹಿಂದೆ ಮುಚ್ಚಿಹೋದ ಹಕ್ಕಿ, ಯಾವುದೂ ಲೆಕ್ಕಕ್ಕೆ ಸಿಗುವುದಿಲ್ಲ. ಎರಡು: 60 ಗುರುತು ಎಂದರೆ 60 ಹಕ್ಕಿಗಳಲ್ಲ. ಬೇಸಿಗೆಯಲ್ಲಿ ಒಂದೇ ಕುಟ್ರು ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚುವುದಿಲ್ಲ.

ಖಚಿತವಾದವನ್ನು ಹಕ್ಕಿ ದಾಖಲೆಗಳ ಇ-ಬರ್ಡ್ ತಾಣದಲ್ಲಿ ರೆಕಾರ್ಡಿಂಗ್ ಸಮೇತ ಸೇರಿಸಬಹುದು. ತುಣುಕಿನ ಹಿಂದೆ ಮುಂದೆ ಮೂರು ಸೆಕೆಂಡ್ ಬಿಟ್ಟು ಕತ್ತರಿಸಿ, ಗದ್ದಲ ಸೋಸದೆ, ವೇವ್ ಫೈಲನ್ನೇ ಏರಿಸಿ. ಅಪರೂಪದ ಹಕ್ಕಿಯ ಗೂಡಿರುವ ಜಾಗವನ್ನು ಮಾತ್ರ ಬಹಿರಂಗ ಮಾಡಬೇಡಿ. ಹಾಗೆಯೇ ಹಕ್ಕಿಯನ್ನು ಹತ್ತಿರ ಕರೆಯಲು ಫೋನಿನಲ್ಲಿ ಅದರದೇ ಕೂಗನ್ನು ಜೋರಾಗಿ ಹಾಕುವ ಚಟ ಬೇಡ. ಗೂಡು ಕಟ್ಟುವ ಕಾಲದಲ್ಲಿ ಅದು ಎದುರಾಳಿ ಬಂದನೆಂದು ತಿಳಿದು ಮೊಟ್ಟೆ ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಹಂತ 6: ಕಪ್ಪೆ, ಬಾವಲಿ ಮತ್ತು ನಿಮ್ಮದೇ ಮಾದರಿ

'ಮಳೆಗಾಲದ ಕಪ್ಪೆಗಳನ್ನೂ ಇದೇ ಹೇಳುತ್ತದೆಯೇ?' ಮರ್ಲಿನ್ ಹೇಳುವುದಿಲ್ಲ. ಬರ್ಡ್‌ನೆಟ್‌ಗೆ ಗೊತ್ತಿರುವ ಕೆಲವೇ ಕಪ್ಪೆಗಳು ನಮ್ಮ ಕಡೆಯವಲ್ಲ. ಕೀಟ ತಿನ್ನುವ ಸಣ್ಣ ಬಾವಲಿಗಳ ದನಿ ಮನುಷ್ಯರ ಕಿವಿಗೆ ಕೇಳದಷ್ಟು ಏರಿನದು. ಅವಕ್ಕೆ ಆಡಿಯೋಮಾತನ್ನು 192 ಅಥವಾ ಅದಕ್ಕಿಂತ ಹೆಚ್ಚಿನ ಕಿಲೊಹರ್ಟ್ಜ್‌ಗೆ ಇಡಬೇಕು, ಕಾರ್ಡ್ ನಾಲ್ಕು ಪಟ್ಟು ಬೇಗ ತುಂಬುತ್ತದೆ, ತಂತ್ರಾಂಶವೂ ಬೇರೆ. ಅದು ಇನ್ನೊಂದು ಲೇಖನದ ಮಾತು.

ಕಪ್ಪೆಗಳಿಗೆ ದಾರಿಯಿದೆ. ಅನಲೈಸರಿನ 'ಟ್ರೇನ್' ವಿಭಾಗದಲ್ಲಿ ನಿಮ್ಮದೇ ದನಿಗಳನ್ನು ಕೊಟ್ಟು ಪುಟ್ಟ ಮಾದರಿಯೊಂದನ್ನು ಕಲಿಸಬಹುದು. ನಮ್ಮ ಘಟ್ಟದಲ್ಲಿ ಇದಕ್ಕೆ ಕೆಲಸ ಬೇಕಾದಷ್ಟಿದೆ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ ಹೊಸ ಪ್ರಭೇದವೆಂದು ವಿಜ್ಞಾನದ ದಾಖಲೆಗೆ ಸೇರಿದ್ದೇ 2014ರಲ್ಲಿ, ಅದೂ ಉತ್ತರ ಕನ್ನಡದ ಕತ್ತಲೆಕಾನಿನಿಂದ.

ಒಂದೊಂದು ಕಪ್ಪೆಗೂ ಒಂದೊಂದು ಫೋಲ್ಡರ್ ಮಾಡಿ. ಮೂರು ಸೆಕೆಂಡಿನ, ಕೂಗು ಸ್ಪಷ್ಟವಾಗಿರುವ ತುಣುಕುಗಳನ್ನು ಹಾಕಿ. ಐವತ್ತರಿಂದ ನೂರು ಇದ್ದರೆ ಶುರು ಮಾಡಬಹುದು. ಕೂಗಿದ ಕಪ್ಪೆ ಯಾವುದೆಂದು ಟಾರ್ಚ್ ಹಿಡಿದು ಕಣ್ಣಾರೆ ಕಂಡದ್ದನ್ನು ಮಾತ್ರ ಸೇರಿಸಿ. ಜೊತೆಗೆ 'ನಾಯ್ಸ್' ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಅಗತ್ಯ. ಮಳೆ, ಹಳ್ಳದ ನೀರು, ಮಿಡತೆ, ಜೀಪು, ಕಪ್ಪೆಯಲ್ಲದ ಎಲ್ಲವೂ ಅದರಲ್ಲಿ ಧಾರಾಳವಾಗಿರಲಿ. ಈ ಫೋಲ್ಡರ್ ಬಡಕಲಾದರೆ ನಿಮ್ಮ ಮಾದರಿಗೆ ಪ್ರತಿ ಹನಿಯೂ ಕಪ್ಪೆಯಾಗಿ ಕೇಳುತ್ತದೆ.

ಮಾದರಿ ಸಿದ್ಧವಾದ ಮೇಲೆ ಪರೀಕ್ಷೆ. ಇಲ್ಲಿ ಓದಿದವರೂ ಎಡವುತ್ತಾರೆ. ಒಂದೇ ರಾತ್ರಿಯ ಇನ್ನೂರು ತುಣುಕುಗಳಲ್ಲಿ ನೂರೈವತ್ತರಿಂದ ಕಲಿಸಿ, ಉಳಿದ ಐವತ್ತರಿಂದ ಪರೀಕ್ಷಿಸಿ, ನೂರಕ್ಕೆ ನೂರು ಬಂತೆಂದು ಕುಣಿಯುತ್ತಾರೆ. ಆ ಐವತ್ತರಲ್ಲಿರುವುದೂ ಅದೇ ಕಪ್ಪೆ, ಅದೇ ಹಳ್ಳ, ಅದೇ ಮಳೆ. ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ. ಕಲಿಸಲು ಬಳಸಿದ ರಾತ್ರಿಗಳನ್ನು ಪರೀಕ್ಷೆಗೆ ಮುಟ್ಟಬೇಡಿ. ಕನಿಷ್ಠ ಎರಡು ಬೇರೆ ರಾತ್ರಿ, ಸಾಧ್ಯವಾದರೆ ಬೇರೆಯೇ ಹಳ್ಳದ ರೆಕಾರ್ಡಿಂಗ್‌ಗಳನ್ನು ಮೊದಲೇ ಪಕ್ಕಕ್ಕೆ ತೆಗೆದಿಟ್ಟು, ಫೋಲ್ಡರಿನ ಮೇಲೆ 'ಪರೀಕ್ಷೆಗೆ ಮಾತ್ರ' ಎಂದು ಹೆಸರು ಬರೆದು, ಮಾದರಿ ಮುಗಿಯುವವರೆಗೆ ಅದನ್ನು ತೆರೆಯದೆ ಬಿಡಿ.